ಇಂಗ್ಲೆಂಡಿನ ಸರ್ಕಾರಿ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಜಾಸ್ತಿಯಾ?

ಕುಂಬಳೆಯ ನಮ್ಮ ಮನೆಯಲ್ಲಿ ನೆಂಟರಿಗೆಂದು ಒಂದು ಕೋಣೆ ಸುಮ್ನೆ ಬಿದ್ದಿರುತ್ತದೆ, ಯಾರೂ ದುಡ್ಡು ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿರುವ ಅಕ್ಕನ ಕತೆ ಬೇರೆ. ಮಗ ಮದುವೆಯಾಗಿ ಹೋದ, ಕೋಣೆ ಖಾಲಿಯಾಯಿತು, ಬಾಡಿಗೆಗೆ ಸಿಗುವ ನೆರವು ಇಳಿಯಿತು. 2013ರ ಏಪ್ರಿಲ್‌ನಿಂದ ಅಲ್ಲಿ ಒಂದು ಮಲಗುವ ಕೋಣೆ ಹೆಚ್ಚಿದ್ದರೆ ಬಾಡಿಗೆಯ ಶೇ. 14, ಎರಡೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಶೇ. 25ರಷ್ಟು ಆ ನೆರವಿನಲ್ಲಿ ಕಡಿತ.

ನಿಮ್ಮವರೂ ಅಲ್ಲಿದ್ದರೆ ಮೊದಲು ಕೋಣೆಯ ಲೆಕ್ಕ ಸರಿಯಿದೆಯಾ ನೋಡಲು ಹೇಳಿ. ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಒಂದೇ ಕೋಣೆ ಎಂದು ಎಣಿಸುತ್ತಾರೆ. ಆದರೆ ಅಂಗವಿಕಲರನ್ನು ನೋಡಿಕೊಳ್ಳಲು ರಾತ್ರಿ ಉಳಿಯುವವರು ಬೇಕಿದ್ದರೆ ಅವರಿಗೆ ಬೇರೆ ಕೋಣೆ ಸಿಗುತ್ತದೆ, ಕೇಳಬೇಕು ಅಷ್ಟೇ. ಪಿಂಚಣಿ ವಯಸ್ಸು ದಾಟಿದವರಿಗೆ ಸಾಮಾನ್ಯವಾಗಿ ಕಡಿತ ಇಲ್ಲ. ಸಣ್ಣ ಮನೆ ಬೇಕಾದರೆ ಇನ್ನೊಬ್ಬ ಬಾಡಿಗೆದಾರರ ಜೊತೆ ಅದಲುಬದಲು ಮಾಡಿಕೊಳ್ಳಬಹುದು, ಮನೆ ಕೊಟ್ಟವರ ಲಿಖಿತ ಒಪ್ಪಿಗೆ ಕೈಗೆ ಬರುವ ಮುಂಚೆ ಮಾತ್ರ ಸಾಮಾನು ಕಟ್ಟಬೇಡಿ.