ಶಾಲೆಯ ವಿದ್ಯುತ್ ಉಳಿತಾಯ: ಬೀಗದ ಕೈ ಇಟ್ಟುಕೊಂಡವರು ಮಾಡಬೇಕಾದ ಕೆಲಸ

ಶಾಲೆ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 200 ದಿನ ನಡೆಯುತ್ತದೆ ಎಂದಿಟ್ಟುಕೊಂಡರೆ ಕಟ್ಟಡ ಬಳಕೆಯಲ್ಲಿರುವುದು 1600 ಗಂಟೆ ಮಾತ್ರ. ವರ್ಷದ 8760 ಗಂಟೆಗಳಲ್ಲಿ ಉಳಿದ 7160 ಗಂಟೆ ಅಲ್ಲಿ ಪಾಠವೂ ಇರುವುದಿಲ್ಲ, ಮಕ್ಕಳೂ ಇರುವುದಿಲ್ಲ. ಮೀಟರ್ ಮಾತ್ರ ಓಡುತ್ತಲೇ ಇರುತ್ತದೆ. ಈ ಖಾಲಿ ಹೊತ್ತಿನಲ್ಲಿ ಒಳಗೆ ಏನು ಉರಿಯುತ್ತಿದೆ, ಯಾವ ಯಂತ್ರ ತಿರುಗುತ್ತಿದೆ ಎಂಬುದು ಮುಖ್ಯೋಪಾಧ್ಯಾಯರಿಗಾಗಲಿ, ಶಿಕ್ಷಕರಿಗಾಗಲಿ, ಬಿಲ್ ಕಟ್ಟುವ ಗುಮಾಸ್ತರಿಗಾಗಲಿ ಕಾಣುವುದಿಲ್ಲ. ಅದು ಕಾಣುವುದು ಬೆಳಿಗ್ಗೆ ಬೀಗ ತೆಗೆದು ಸಂಜೆ ಬೀಗ ಹಾಕುವ ಉಸ್ತುವಾರಿ ಸಿಬ್ಬಂದಿಗೆ. ಹೊಸ ಉಪಕರಣಗಳಿಗೆ ಹಣ ಹಾಕುವ ಮೊದಲು ಅವರ ಕೈಯಿಂದಲೇ ಆಗಬಹುದಾದ ಉಳಿತಾಯ ಬಹಳಷ್ಟಿದೆ, ಮತ್ತು ಅದರ ಹೆಚ್ಚಿನ ಪಾಲು ಈ ಖಾಲಿ ಗಂಟೆಗಳಲ್ಲೇ ಅಡಗಿದೆ.

ಮೊದಲ ಕೆಲಸ ಮೀಟರ್ ಓದುವುದು. ಒಂದು ನೋಟ್‌ಬುಕ್ ಇಟ್ಟುಕೊಂಡು, ಸಂಜೆ ಬೀಗ ಹಾಕುವಾಗ ಒಮ್ಮೆ, ಬೆಳಿಗ್ಗೆ ಬೀಗ ತೆಗೆದ ತಕ್ಷಣ ಇನ್ನೊಮ್ಮೆ ರೀಡಿಂಗ್ ಬರೆದಿಡಬೇಕು. ದಿನಾಂಕದ ಜೊತೆಗೆ ಗಂಟೆಯನ್ನೂ ನಮೂದಿಸಬೇಕು. ತಿಂಗಳ ಬಿಲ್ಲಿನಲ್ಲಿ ಹಗಲು ರಾತ್ರಿಗಳ ಬಳಕೆ ಒಟ್ಟಾಗಿ ಬೆರೆತುಹೋಗಿರುವುದರಿಂದ ಅದರಿಂದ ಏನೂ ತಿಳಿಯುವುದಿಲ್ಲ. ಉದಾಹರಣೆಗೆ, ಸಂಜೆ 6ರಿಂದ ಬೆಳಿಗ್ಗೆ 8ರವರೆಗಿನ 14 ಗಂಟೆಗಳಲ್ಲಿ 21 ಯೂನಿಟ್ (ಅಂದರೆ 21 ಕಿಲೋವ್ಯಾಟ್-ಗಂಟೆ) ಖರ್ಚಾಗಿದ್ದರೆ, ಯಾರೂ ಇಲ್ಲದ ಕಟ್ಟಡ ಸತತವಾಗಿ ಒಂದೂವರೆ ಕಿಲೋವ್ಯಾಟ್ ಎಳೆಯುತ್ತಿದೆ ಎಂದರ್ಥ. ಮೇಲೆ ಹೇಳಿದ 7160 ಗಂಟೆಗಳಿಗೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ 10,000 ಯೂನಿಟ್ ದಾಟುತ್ತದೆ. ದೊಡ್ಡ ಶಾಲೆಗಳಲ್ಲಿ ಸಿ.ಟಿ. (ದೊಡ್ಡ ಕರೆಂಟನ್ನು ಅಳತೆಗಾಗಿ ತಗ್ಗಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಅಳವಡಿಸಿದ ಮೀಟರ್ ಇದ್ದರೆ ಓದಿದ ಅಂಕಿಯನ್ನು ನಿಗದಿತ ಗುಣಕದಿಂದ ಗುಣಿಸಬೇಕಾಗುತ್ತದೆ. ಆ ಗುಣಕವನ್ನು ಬಿಲ್ಲಿನಲ್ಲಿ ನೋಡಿ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

ರಾತ್ರಿಯ ಬಳಕೆ ಎಷ್ಟೆಂದು ತಿಳಿದ ಮೇಲೆ ಅದು ಎಲ್ಲಿ ಆಗುತ್ತಿದೆ ಎಂದು ಹುಡುಕಬೇಕು. ಡಿಜಿಟಲ್ ಮೀಟರಿನಲ್ಲಿ ಮಿನುಗುವ ಪುಟ್ಟ ಕೆಂಪು ದೀಪ ಇದಕ್ಕೆ ಬಹಳ ಉಪಯುಕ್ತ. ಒಂದು ಯೂನಿಟ್ಟಿಗೆ ಆ ದೀಪ ಎಷ್ಟು ಸಲ ಮಿನುಗುತ್ತದೆ ಎಂಬುದು ಮೀಟರಿನ ಮುಖದ ಮೇಲೆ ಮುದ್ರಿತವಾಗಿರುತ್ತದೆ. ಸಿ.ಟಿ. ಇಲ್ಲದ, ನೇರ ಸಂಪರ್ಕದ ಮೀಟರಿನಲ್ಲಿ ಆ ಸಂಖ್ಯೆ 1000 ಎಂದಿದ್ದು, ದೀಪ 3.6 ಸೆಕೆಂಡಿಗೊಮ್ಮೆ ಮಿನುಗುತ್ತಿದ್ದರೆ ಆ ಕ್ಷಣದ ಲೋಡ್ ಸರಿಯಾಗಿ 1 ಕಿಲೋವ್ಯಾಟ್. ಮಿನುಗಿನ ನಡುವಿನ ಅಂತರ ಇಮ್ಮಡಿಯಾದರೆ ಲೋಡ್ ಅರ್ಧಕ್ಕಿಳಿದಿದೆ ಎಂದು ತಿಳಿಯಬೇಕು. ಎಲ್ಲರೂ ಹೋದ ಮೇಲೆ ಇಬ್ಬರು ಸೇರಿ, ಒಬ್ಬರು ಮೀಟರಿನ ಮುಂದೆ ನಿಂತು, ಇನ್ನೊಬ್ಬರು ಒಂದೊಂದೇ ಎಂಸಿಬಿಯನ್ನು (ಬೋರ್ಡಿನಲ್ಲಿ ಕಟ್ಟಡದ ಒಂದೊಂದು ಭಾಗದ ವಿದ್ಯುತ್ ಕಡಿಯುವ ಸ್ವಿಚ್ಚನ್ನು) ಕೆಳಗೆ ಮಾಡುತ್ತ ಬಂದರೆ, ಯಾವ ಭಾಗವನ್ನು ಆಫ್ ಮಾಡಿದಾಗ ಮಿನುಗು ನಿಧಾನವಾಯಿತು ಎಂಬುದರಿಂದ ಬಳಕೆಯ ಮೂಲ ಸಿಕ್ಕಿಬೀಳುತ್ತದೆ. ಸಾಮಾನ್ಯವಾಗಿ ಸಿಗುವುದು ರಾತ್ರಿಯಿಡೀ ನೀರು ತಣಿಸುತ್ತಿರುವ ವಾಟರ್ ಕೂಲರ್, ಆಫ್ ಮಾಡದೆ ಬಿಟ್ಟ ಕಂಪ್ಯೂಟರ್ ಕೋಣೆ, ಶೌಚಾಲಯದ ಎಕ್ಸಾಸ್ಟ್ ಫ್ಯಾನ್, ಹಿಂಬದಿಯ ಯಾರೂ ಓಡಾಡದ ಮೊಗಸಾಲೆಯ ದೀಪಗಳು. ಈ ಪರೀಕ್ಷೆಯಲ್ಲಿ ಎಂಸಿಬಿಯ ಸ್ವಿಚ್ ಮುಟ್ಟಬಹುದೇ ಹೊರತು ಬೋರ್ಡಿನ ಮುಚ್ಚಳ ಬಿಚ್ಚಬಾರದು. ಅದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಕೆಲವನ್ನು ಪರೀಕ್ಷೆಗೆಂದೂ ಆಫ್ ಮಾಡಬಾರದು. ಬೆಂಕಿ ಎಚ್ಚರಿಕೆಯ ವ್ಯವಸ್ಥೆ, ತುರ್ತು ದೀಪಗಳು, ಸರ್ವರ್, ಪ್ರಯೋಗಾಲಯದ ಅಥವಾ ಔಷಧಿಯ ಫ್ರಿಜ್ ಈ ಗುಂಪಿಗೆ ಸೇರುತ್ತವೆ. ಆದ್ದರಿಂದ ಮೊದಲೇ ಸ್ವಿಚ್‌ಗಳಿಗೆ ಬಣ್ಣದ ಚೀಟಿ ಅಂಟಿಸಿಬಿಡುವುದು ಲೇಸು: ಹಸಿರು ಇದ್ದರೆ ಯಾರು ಬೇಕಾದರೂ ಆಫ್ ಮಾಡಬಹುದು, ಹಳದಿ ಇದ್ದರೆ ಉಸ್ತುವಾರಿಯವರನ್ನು ಕೇಳಿ ಮಾಡಬೇಕು, ಕೆಂಪು ಇದ್ದರೆ ಮುಟ್ಟಬಾರದು. ಶಿಕ್ಷಕರು ದೀಪ ಆರಿಸದೆ ಹೋಗುವುದಕ್ಕೆ ಅಸಡ್ಡೆಗಿಂತ ಯಾವ ಸ್ವಿಚ್ ಯಾವುದರದ್ದು ಎಂದು ತಿಳಿಯದಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ. ಗದರಿಸುವ ಸೂಚನಾ ಫಲಕಕ್ಕಿಂತ ಈ ಚೀಟಿಗಳು ಹೆಚ್ಚು ಕೆಲಸ ಮಾಡುತ್ತವೆ.

ಟೈಮರ್ ಮತ್ತು ಸ್ವಯಂಚಾಲಿತ ನಿಯಂತ್ರಣ ಇರುವ ಕಡೆ ಇನ್ನೊಂದು ಎಚ್ಚರಿಕೆ ಬೇಕು. ಪಂಪ್, ಎಸಿ ಅಥವಾ ಬಾಯ್ಲರ್ ರಿಪೇರಿಗೆ ಬಂದವರು ಪರೀಕ್ಷೆಗಾಗಿ ಸ್ವಿಚ್ಚನ್ನು ‘ಆಟೋ’ದಿಂದ ‘ಮ್ಯಾನ್ಯುಯಲ್’ಗೆ ತಿರುಗಿಸಿ, ಕೆಲಸ ಮುಗಿದ ಮೇಲೆ ಹಾಗೆಯೇ ಬಿಟ್ಟುಹೋಗುವುದುಂಟು. ಯಂತ್ರ ಚೆನ್ನಾಗಿ ಓಡುತ್ತಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಅದು ಭಾನುವಾರವೂ ಓಡುತ್ತಿದೆ ಎಂಬುದು ಮೀಟರ್ ನೋಟ್‌ಬುಕ್ ನೋಡಿದವರಿಗಷ್ಟೇ ಗೊತ್ತಾಗುತ್ತದೆ. ರಿಪೇರಿಯ ರಸೀದಿಗೆ ಸಹಿ ಹಾಕುವ ಮೊದಲು ಆ ಸ್ವಿಚ್ ಯಾವ ಸ್ಥಾನದಲ್ಲಿದೆ ಎಂದು ಕಣ್ಣಾರೆ ನೋಡಬೇಕು. ವಿದ್ಯುತ್ ಹೋಗಿ ಬಂದ ಮೇಲೆ ಕೆಲವು ಟೈಮರ್‌ಗಳ ಗಡಿಯಾರ ಹಿಂದೆ ಬಿದ್ದಿರುತ್ತದೆ, ಅದನ್ನೂ ಸರಿಪಡಿಸಬೇಕು.

ತಂಪು ಅಥವಾ ಬಿಸಿ ಮಾಡುವ ವ್ಯವಸ್ಥೆ ಇರುವ ಶಾಲೆಗಳಲ್ಲಿ ಖರ್ಚಿನ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ, ಹಾಗಾಗಿ ಸ್ವಲ್ಪ ತಾಳ್ಮೆ ವಹಿಸಿದರೂ ಫಲ ದೊಡ್ಡದು. ಯಂತ್ರವನ್ನು ರೂಢಿಯ ಸಮಯಕ್ಕಿಂತ 10 ನಿಮಿಷ ತಡವಾಗಿ ಶುರುಮಾಡಿ, ಮೊದಲ ಪಾಠ ಆರಂಭವಾಗುವಾಗ ಕೋಣೆಯಲ್ಲಿ ಥರ್ಮಾಮೀಟರ್ ನೋಡಿ. ಉಷ್ಣತೆ ಹಿತವಾಗಿದ್ದರೆ ಮುಂದಿನ ವಾರ ಇನ್ನೂ 10 ನಿಮಿಷ ತಡಮಾಡಿ ನೋಡಬಹುದು. ಗೋಡೆಗಳು ಸ್ವಲ್ಪ ಹೊತ್ತು ಬಿಸಿಯನ್ನೋ ತಂಪನ್ನೋ ಹಿಡಿದಿಟ್ಟುಕೊಳ್ಳುವುದರಿಂದ ಸಂಜೆ ಕೊನೆಯ ಗಂಟೆಗೆ ಅರ್ಧ ತಾಸು ಮೊದಲೇ ನಿಲ್ಲಿಸಲು ಸಾಧ್ಯವಾಗುತ್ತದೆ. ಎಸಿಯನ್ನು 16 ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಸಾಮಾನ್ಯ ಎಸಿ ತಣಿಸುವ ವೇಗ ಅದರಿಂದ ಹೆಚ್ಚುವುದಿಲ್ಲ, ಅದು ನಿಲ್ಲುವುದು ಮಾತ್ರ ತಡವಾಗುತ್ತದೆ. ಥರ್ಮೋಸ್ಟಾಟ್ ಮೇಲೆ ಬಿಸಿಲು ಬೀಳುತ್ತಿದ್ದರೆ ಅಥವಾ ಪಕ್ಕದಲ್ಲೇ ಜೆರಾಕ್ಸ್ ಯಂತ್ರ ಇದ್ದರೆ ಅದು ತಪ್ಪು ಉಷ್ಣತೆಯನ್ನು ಅಳೆಯುತ್ತದೆ. ಎಸಿಯ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೆ, ರೇಡಿಯೇಟರಿಗೆ ಬೀರು ಅಡ್ಡ ನಿಂತಿದ್ದರೆ ಯಂತ್ರ ವೃಥಾ ದುಡಿಯುತ್ತದೆ. ಕಿಟಕಿಯ ಸಂದು ಪರೀಕ್ಷಿಸಲು ಚೌಕಟ್ಟಿಗೂ ಬಾಗಿಲಿಗೂ ನಡುವೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಬೇಕು: ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ, ರಬ್ಬರ್ ಪಟ್ಟಿ ಬದಲಿಸಬೇಕು. ಆದರೆ ಉಳಿತಾಯದ ಹೆಸರಿನಲ್ಲಿ ತರಗತಿಯನ್ನು ಪೂರ್ತಿ ಮುಚ್ಚಿಡುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ತುಂಬಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಬೇಗ ಏರುತ್ತದೆ, ಮಕ್ಕಳಿಗೆ ತೂಕಡಿಕೆ ಬರುತ್ತದೆ. ಬಿಡುವಿನ ವೇಳೆಯಲ್ಲಿ ಎದುರು ಬದುರಿನ ಕಿಟಕಿಗಳನ್ನು ಕೆಲವು ನಿಮಿಷ ತೆರೆದಿಡಲೇಬೇಕು.

ನೀರಿನ ವಿಷಯದಲ್ಲಿ ಪಂಪನ್ನು ಗಮನಿಸಬೇಕು. ಒಂದು ಎಚ್‌ಪಿ ಮೋಟಾರ್ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ಓವರ್‌ಹೆಡ್ ಟ್ಯಾಂಕ್ ತುಂಬಿ ದಿನಾ ಅರ್ಧ ಗಂಟೆ ಹರಿಯುತ್ತಿದ್ದರೆ 200 ದಿನಗಳಲ್ಲಿ 100 ಯೂನಿಟ್ ನೀರಿನೊಡನೆ ಚರಂಡಿ ಸೇರುತ್ತದೆ. ನೀರಿನ ಮಟ್ಟ ನೋಡಿ ತಾನೇ ನಿಲ್ಲುವ ಸೆನ್ಸರ್ ಇದಕ್ಕೆ ಪರಿಹಾರ. ಬಿಸಿನೀರನ್ನು ಸಂಗ್ರಹಿಸುವ ಟ್ಯಾಂಕಿನ ಉಷ್ಣತೆಯನ್ನು ಮಾತ್ರ 60 ಡಿಗ್ರಿಗಿಂತ ಕೆಳಗಿಳಿಸಬಾರದು, ಏಕೆಂದರೆ 20ರಿಂದ 45 ಡಿಗ್ರಿ ನಡುವಿನ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇಲ್ಲಿ ಉಳಿತಾಯ ಬರಬೇಕಾದದ್ದು ಟ್ಯಾಂಕಿಗೂ ಪೈಪಿಗೂ ಸುತ್ತುವ ಉಷ್ಣನಿರೋಧಕ ಹೊದಿಕೆಯಿಂದ.

ದೀಪ, ಫ್ಯಾನ್‌ಗಳನ್ನು ಬದಲಿಸಲು ಹಣ ಬಂದಾಗ ಎಲ್ಲಿಂದ ಶುರುಮಾಡಬೇಕೆಂದು ಉಸ್ತುವಾರಿಯವರನ್ನೇ ಕೇಳಬೇಕು. ಹಳೆಯ 36 ವ್ಯಾಟ್ ಟ್ಯೂಬ್‌ಲೈಟ್ ತನ್ನ ಚೋಕ್ ಸೇರಿ 45 ವ್ಯಾಟ್ ದಾಟುತ್ತದೆ, ಎಲ್ಇಡಿ ಟ್ಯೂಬಿಗೆ 20 ವ್ಯಾಟ್ ಸಾಕು; ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತದೆ. ಆದರೆ ವಾರಕ್ಕೊಮ್ಮೆ ಬಾಗಿಲು ತೆರೆಯುವ ಉಗ್ರಾಣದಲ್ಲಿ ಇವನ್ನು ಹಾಕಿ ಪ್ರಯೋಜನವಿಲ್ಲ. ದಿನವಿಡೀ ಉರಿಯುವ ಮೊಗಸಾಲೆ, ಕಚೇರಿ, ಬೆಳಕು ಕಡಿಮೆಯಿರುವ ಕೋಣೆಗಳು ಮೊದಲು.

ಇಷ್ಟೆಲ್ಲ ಮಾಡಲು ಉಸ್ತುವಾರಿ ಸಿಬ್ಬಂದಿಗೆ ಸಮಯ ಮತ್ತು ಅಧಿಕಾರ ಎರಡೂ ಬೇಕು. ಖಾಲಿ ಕೋಣೆಯ ಎಸಿ ಆಫ್ ಮಾಡಿದ್ದಕ್ಕೆ ಬೈಸಿಕೊಂಡವರು ಎರಡನೆಯ ಸಲ ಅದನ್ನು ಮುಟ್ಟುವುದಿಲ್ಲ. ಯಾವುದನ್ನು ಅವರು ಕೇಳದೆಯೇ ನಿಲ್ಲಿಸಬಹುದು ಎಂಬುದನ್ನು ಮುಖ್ಯೋಪಾಧ್ಯಾಯರು ಲಿಖಿತವಾಗಿ ಕೊಟ್ಟು, ಸಿಬ್ಬಂದಿ ಸಭೆಯಲ್ಲಿ ಎಲ್ಲರಿಗೂ ತಿಳಿಸಬೇಕು. ಹೊಸ ಯಂತ್ರ ಬಂದಾಗ ಗುತ್ತಿಗೆದಾರರು ಅದರ ಬಳಕೆಯನ್ನು ಅವರಿಗೇ, ಅವರ ಭಾಷೆಯಲ್ಲೇ ವಿವರಿಸಬೇಕು; ಕೈಪಿಡಿ ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತರೆ ಯಾರಿಗೂ ಉಪಯೋಗವಿಲ್ಲ.

ದೀರ್ಘ ರಜೆಗೆ ಮುನ್ನ ಕೆಂಪು ಚೀಟಿಯವನ್ನು ಬಿಟ್ಟು ಉಳಿದೆಲ್ಲವನ್ನೂ ಆಫ್ ಮಾಡಿ, ವಾಟರ್ ಕೂಲರ್ ಖಾಲಿಮಾಡಿ, ಅಂದಿನ ರೀಡಿಂಗ್ ಬರೆದಿಡಬೇಕು. ಶಾಲೆ ಮತ್ತೆ ತೆರೆಯುವ ಮೊದಲು ನಲ್ಲಿಗಳನ್ನೆಲ್ಲ ತಿರುಗಿಸಿ ನಿಂತ ನೀರನ್ನು ಹೊರಬಿಡಬೇಕು, ಕೂಲರಿನ ಟ್ಯಾಂಕ್ ತೊಳೆಯಬೇಕು. ಮೀಟರ್ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಯಾವ ಎಂಸಿಬಿ ಯಾವ ಕೋಣೆಗೆ, ಯಾವ ಟೈಮರ್ ಎಷ್ಟು ಗಂಟೆಗೆ, ಯಾವ ರಿಪೇರಿ ಯಾವಾಗ ಆಯಿತು ಎಂಬುದನ್ನು ಬರೆದಿಟ್ಟಿದ್ದರೆ, ಉಸ್ತುವಾರಿಯವರು ರಜೆ ಹಾಕಿದ ದಿನ ಬರುವ ಬದಲಿ ಸಿಬ್ಬಂದಿಯೂ ಇದೇ ಕ್ರಮವನ್ನು ಮುಂದುವರಿಸಬಹುದು.