ಸಮನ್ಸ್ ಬಂತೆಂದು ಹೆದರಬೇಡಿ: ಆಸ್ಟ್ರೇಲಿಯಾದ ಓಟು, ಕೋರ್ಟು ಮತ್ತು ನಮ್ಮವರು

ಹೋದ ಜನವರಿಯಲ್ಲಿ ಕಾಫಿ ಕುಯ್ಲು ಮುಗಿಯುವ ಹೊತ್ತು. ಪಕ್ಕದ ತೋಟದವರು ಸಂಜೆ ಗಾಬರಿಯಿಂದ ಮನೆಗೆ ಬಂದರು. ಸಿಡ್ನಿಯಲ್ಲಿರುವ ಮಗಳು ಒಂದು ಪತ್ರದ ಫೋಟೋ ಕಳಿಸಿದ್ದಳು. "ಅಣ್ಣಾ, ಕೋರ್ಟಿಂದ ಸಮನ್ಸ್ ಬಂದಿದೆಯಂತೆ. ಯಾರು ಕೇಸ್ ಹಾಕಿದ್ದಾರೋ ಗೊತ್ತಾಗ್ತಿಲ್ಲ, ಸ್ವಲ್ಪ ನೋಡಿ" ಎಂದು ಮೊಬೈಲು ಕೊಟ್ಟರು.

ಅವರ ಗಾಬರಿ ನನಗೆ ಅರ್ಥವಾಯಿತು. ಸೋಮವಾರಪೇಟೆ ಕಡೆ, ಅಷ್ಟೇ ಏಕೆ, ಇಡೀ ಕೊಡಗಿನಲ್ಲಿ ಸಮನ್ಸ್ ಅಂದರೆ ಜಾಗದ ತಕರಾರು. ಪಾಲು, ಗಡಿ, ಜಮ್ಮಾ ಬಾಣೆ, ಪಟ್ಟೇದಾರರ ಹೆಸರು. ತಾತ ಹಾಕಿದ ಕೇಸಿಗೆ ಮೊಮ್ಮಗ ವಾಯ್ದೆಗೆ ಓಡಾಡುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಆ ಹುಡುಗಿಗೆ ಬಂದಿದ್ದು ಜ್ಯೂರಿ ಸಮನ್ಸ್. ಅವಳ ಮೇಲೆ ಕೇಸಿಲ್ಲ. ಬೇರೊಬ್ಬರ ಕೇಸಿನಲ್ಲಿ ತಪ್ಪು ಆಗಿದೆಯೋ ಇಲ್ಲವೋ ಎಂದು ಹೇಳಲು ಅವಳನ್ನೇ ಕರೆದಿದ್ದರು.

ನಾನು ಸಿಡ್ನಿಯಲ್ಲಿ 16 ವರ್ಷ ಇದ್ದು, ಅಪ್ಪನ ತೋಟ ನೋಡಿಕೊಳ್ಳಲು ಊರಿಗೆ ಬಂದವನು. ಇಂಥ ಪ್ರಶ್ನೆಗಳು ಈಗಲೂ ಬರುತ್ತಲೇ ಇರುತ್ತವೆ. ಓಟು ಹಾಕದಿದ್ದರೆ ದಂಡ ಅಂತೆ, ನಿಜವಾ? ಬಾಡಿಗೆ ಅಡ್ವಾನ್ಸ್ ವಾಪಸ್ ಕೊಡುತ್ತಿಲ್ಲ, ವಕೀಲರನ್ನು ಹಿಡಿಯಬೇಕಾ? ಅಲ್ಲಿನ ಕೋರ್ಟನ್ನು ನಂಬಬಹುದಾ? ಅಲ್ಲಿರುವ ನಮ್ಮ ಮಕ್ಕಳಿಗೂ, ಇಲ್ಲಿ ಕೂತು ಚಿಂತೆ ಮಾಡುವ ಅಪ್ಪ ಅಮ್ಮಂದಿರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಂಬಿಕೆಯ ಮಾತು. ಕಾಫಿ ಮಾರುವಾಗ ಅಪ್ಪ ಯಾವತ್ತೂ ತೂಕದ ಪಕ್ಕದಲ್ಲೇ ನಿಲ್ಲುತ್ತಿದ್ದರು. ವ್ಯಾಪಾರಿ ಮೂವತ್ತು ವರ್ಷದ ಪರಿಚಯ, ಹಬ್ಬಕ್ಕೆ ಮನೆಗೆ ಬರುವವರು. ಆದರೂ ನಿಲ್ಲುತ್ತಿದ್ದರು. 50 ಕೆಜಿ ಚೆರಿಯಲ್ಲಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನಲ್ಲಿ, ಎಷ್ಟು ಕೆಜಿ ಬೇಳೆ ಬರುತ್ತದೆ ಎಂಬ ಔಟ್‌ಟರ್ನ್ ಮೇಲೆ ರೇಟು ನಿಂತಿರುತ್ತದೆ. ಸ್ಯಾಂಪಲ್ ತೆಗೆಯುವಾಗ, ತೇವ ನೋಡುವಾಗ ಕಣ್ಣೆದುರೇ ಆದರೆ ಇಬ್ಬರಿಗೂ ಸಮಾಧಾನ. ಆಸ್ಟ್ರೇಲಿಯಾದ ಓಟಿನಲ್ಲೂ ಕೋರ್ಟಿನಲ್ಲೂ ನಾನು ಕಂಡಿದ್ದು ಇದನ್ನೇ. ಸಾಮಾನ್ಯ ಜನ ಹತ್ತಿರ ನಿಂತು ನೋಡಲು ಅಲ್ಲಿ ಜಾಗ ಇಟ್ಟಿದ್ದಾರೆ. ನಮ್ಮವರು ಆ ಜಾಗಕ್ಕೆ ಹೋಗುವುದು ಮಾತ್ರ ಬಹಳ ಕಡಿಮೆ. ಹೋಗಬೇಕು ಎಂಬುದು ನನ್ನ ಆಸೆ.

ಶನಿವಾರದ ಓಟು

ಬರೀ ಪಿಆರ್, ಅಂದರೆ ಅಲ್ಲಿ ಕಾಯಂ ಇರುವ ಪರವಾನಗಿ, ಇದ್ದವರಿಗೆ ದೇಶದ ಚುನಾವಣೆಯಲ್ಲಿ ಓಟಿಲ್ಲ. ಸಿಟಿಜನ್ ಆಗಿ, 18 ತುಂಬಿದ್ದರೆ ಪಟ್ಟಿಗೆ ಹೆಸರು ಸೇರಿಸುವುದೂ ಕಡ್ಡಾಯ, ಓಟು ಹಾಕುವುದೂ ಕಡ್ಡಾಯ. ಓಟು ಹಾಕಲೇಬೇಕು ಎಂಬ ಕಾನೂನು 1924ರಲ್ಲಿ ಬಂತು. ಅದಕ್ಕೂ ಮುಂಚೆ, 1922ರ ಚುನಾವಣೆಯಲ್ಲಿ ಬಂದವರು ನೂರಕ್ಕೆ 60 ಜನರೂ ಇರಲಿಲ್ಲ. 1925ರಲ್ಲಿ 91 ದಾಟಿತು. ಈಗಲೂ 90ರ ಆಸುಪಾಸಿನಲ್ಲೇ ಇದೆ. ದಂಡ ದೊಡ್ಡದೇನಲ್ಲ, ದೇಶದ ಚುನಾವಣೆಗೆ 20 ಡಾಲರ್. ಕುಯ್ಲಿಗೋ ಮದುವೆಗೋ ಊರಿಗೆ ಬಂದಿದ್ದಾಗ ಚುನಾವಣೆ ನಡೆದುಹೋದರೆ ನೋಟಿಸಿಗೆ ಹಾಗೆಂದು ಉತ್ತರ ಬರೆಯಿರಿ. ವಿದೇಶದಲ್ಲಿದ್ದದ್ದು ಸರಿಯಾದ ಕಾರಣವೇ. ಉತ್ತರ ಬರೆಯದೆ ಸುಮ್ನೆ ಕೂತರೆ ಮಾತ್ರ ಮುಂದೆ ತೊಂದರೆ.

ಓಟು ಯಾವಾಗಲೂ ಶನಿವಾರ, ಬೆಳಿಗ್ಗೆ 8ರಿಂದ ಸಂಜೆ 6. ನನಗೆ ಶನಿವಾರಸಂತೆ ನೆನಪಾಗುತ್ತಿತ್ತು. ಶಾಲೆಯ ಅಂಗಳದಲ್ಲಿ ಮಕ್ಕಳ ಅಪ್ಪ ಅಮ್ಮಂದಿರು ಒಲೆ ಹಚ್ಚಿ ಬ್ರೆಡ್ಡಿನಲ್ಲಿ ಸಾಸೇಜ್ ಇಟ್ಟು ಮಾರುತ್ತಾರೆ. ಪಕ್ಕದಲ್ಲಿ ಕೇಕಿನ ಅಂಗಡಿ. ಬಂದ ದುಡ್ಡು ಶಾಲೆಗೆ. ಎಲ್ಲ ಪಕ್ಷದವರೂ ಗೇಟಿನ ಹತ್ತಿರ ಚೀಟಿ ಹಂಚುತ್ತಿರುತ್ತಾರೆ, ಒಬ್ಬರಿಗೊಬ್ಬರು ನೀರು ಕೊಡುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಒಳಗೆ ಹೋದರೆ ಗುರುತಿನ ಚೀಟಿ ಕೇಳುವುದಿಲ್ಲ. ಮೂರು ಪ್ರಶ್ನೆ ಅಷ್ಟೇ. ಪೂರ್ತಿ ಹೆಸರು, ಎಲ್ಲಿ ವಾಸ, ಈ ಚುನಾವಣೆಯಲ್ಲಿ ಮುಂಚೆ ಓಟು ಹಾಕಿದ್ದೀರಾ. ಬೆರಳಿಗೆ ಶಾಯಿಯೂ ಇಲ್ಲ. ಮೈಸೂರಿನ ಶಾಯಿ ನೋಡಿ ಬೆಳೆದ ನಮಗೆ ಇದು ಬಹಳ ಸಡಿಲ ಅನಿಸುತ್ತದೆ, ಅಲ್ವಾ? ಚುನಾವಣೆ ಮುಗಿದ ಮೇಲೆ ಎಲ್ಲ ಬೂತುಗಳ ಪಟ್ಟಿಯನ್ನೂ ಹೋಲಿಸಿ, ಒಂದೇ ಹೆಸರಿಗೆ ಎರಡು ಗುರುತು ಬಿದ್ದಿದ್ದರೆ ಪತ್ರ ಬರೆದು ಕೇಳುತ್ತಾರೆ. ಎರಡು ಕಡೆ ಓಟು ಹಾಕುವುದು ಅಪರಾಧ.

ಕೊಡುವುದು ಎರಡು ಕಾಗದ. ಹಸಿರು ಕೆಳಮನೆಗೆ, ಬಿಳಿ ಮೇಲ್ಮನೆಯಾದ ಸೆನೆಟ್ಟಿಗೆ. ಹಸಿರಿನಲ್ಲಿ ಪ್ರತಿ ಹೆಸರಿನ ಮುಂದೆಯೂ 1, 2, 3 ಎಂದು ನಿಮ್ಮ ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು. ಬರೀ ಒಂದು ಟಿಕ್ ಹಾಕಿ ಬಂದರೆ ಓಟು ತಿರಸ್ಕಾರ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ಕೈಬಿಟ್ಟು, ಅವರ ಕಾಗದಗಳನ್ನು ಎರಡನೇ ಅಂಕಿ ಇರುವವರಿಗೆ ಹಂಚುತ್ತಾರೆ. ಒಬ್ಬರು ಅರ್ಧ ದಾಟುವವರೆಗೂ ಹೀಗೇ. ಹಾಗಾಗಿ ಇಷ್ಟವಾದ ಸಣ್ಣ ಪಕ್ಷಕ್ಕೆ 1 ಕೊಟ್ಟರೆ ಓಟು ವ್ಯರ್ಥ ಎಂಬ ಹೆದರಿಕೆ ಬೇಡ. ಬಿಳಿ ಕಾಗದ ದೊಡ್ಡದು, ಅದರಲ್ಲಿ ಅಡ್ಡಕ್ಕೊಂದು ಗೆರೆ ಇರುತ್ತದೆ. ಗೆರೆಯ ಮೇಲೆ ಕನಿಷ್ಠ 6 ಪಕ್ಷಗಳಿಗೆ, ಇಲ್ಲವೇ ಗೆರೆಯ ಕೆಳಗೆ ಕನಿಷ್ಠ 12 ಜನರಿಗೆ ಅಂಕಿ ಹಾಕಿ ಎಂದು ಅದರ ಮೇಲೇ ಬರೆದಿರುತ್ತದೆ. ತಪ್ಪಾದರೆ ಕೇಳಿ, ಇನ್ನೊಂದು ಕಾಗದ ಕೊಡುತ್ತಾರೆ.

ನನ್ನ ಅಜ್ಜಿ 1952ರ ಕೊಡಗಿನ ಚುನಾವಣೆಯಲ್ಲಿ ಓಟು ಹಾಕಿದವರು. ಆಗ ಕೊಡಗು ಬೇರೆಯೇ ರಾಜ್ಯ. 24 ಸ್ಥಾನದಲ್ಲಿ ಕಾಂಗ್ರೆಸ್ಸಿಗೆ 15, ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷಕ್ಕೆ 9 ಬಂದಿತ್ತು. ಯಾರಿಗೆ ಹಾಕಿದಿರಿ ಎಂದು ಕೇಳಿದರೆ ಅಜ್ಜಿ ಕೊನೆಯವರೆಗೂ ಬಾಯಿ ಬಿಡಲಿಲ್ಲ. "ಅದು ಪೆಟ್ಟಿಗೆಗೂ ನನಗೂ ಬಿಟ್ಟಿದ್ದು" ಎನ್ನುತ್ತಿದ್ದರು. ಸರ್ಕಾರವೇ ಅಚ್ಚು ಹಾಕಿದ ಚೀಟಿಯ ಮೇಲೆ ಗುಟ್ಟಾಗಿ ಓಟು ಹಾಕುವ ಈ ಪದ್ಧತಿ 1856ರಲ್ಲಿ ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ಬಹಳ ಕಾಲ ಜಗತ್ತು ಇದನ್ನು ಆಸ್ಟ್ರೇಲಿಯನ್ ಬ್ಯಾಲೆಟ್ ಎಂದೇ ಕರೆಯುತ್ತಿತ್ತು. ಆದ್ದರಿಂದ ಅಲ್ಲಿ ಗಂಡ, ಮಾವ, ಕಮ್ಯುನಿಟಿಯ ದೊಡ್ಡವರು ಯಾರೇ ಕೇಳಿದರೂ ನೀವು ಹೇಳಬೇಕಾಗಿಲ್ಲ.

ಚುನಾವಣೆ ನಡೆಸುವುದು ಆಸ್ಟ್ರೇಲಿಯನ್ ಎಲೆಕ್ಟೋರಲ್ ಕಮಿಷನ್, ಎಲ್ಲರೂ ಎಇಸಿ ಎನ್ನುತ್ತಾರೆ. 1984ರಲ್ಲಿ ಶುರುವಾಗಿದ್ದು. ಅದರ ಅಧ್ಯಕ್ಷರಾಗುವವರು ಫೆಡರಲ್ ಕೋರ್ಟಿನ ಹಾಲಿ ಇಲ್ಲವೇ ನಿವೃತ್ತ ಜಡ್ಜ್ ಆಗಿರಬೇಕು. ಚುನಾವಣೆಯ ದಿನಗಳಿಗೆ ಸುಮಾರು ಒಂದು ಲಕ್ಷ ಜನರನ್ನು ತಾತ್ಕಾಲಿಕವಾಗಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಮೇಷ್ಟ್ರುಗಳಿಗೆ ಡ್ಯೂಟಿ ಬೀಳುತ್ತದೆ. ಅಲ್ಲಿ ನೀವೇ ಅರ್ಜಿ ಹಾಕಬಹುದು, ಯಾವ ಪಕ್ಷದ ಪರವೂ ಕೆಲಸ ಮಾಡುವುದಿಲ್ಲ ಎಂದು ಸಹಿ ಮಾಡಬೇಕು. ನಾನು ಒಂದು ಸಲ ಮಾಡಿದ್ದೆ. ಬೆಳಿಗ್ಗೆ ಖಾಲಿ ಪೆಟ್ಟಿಗೆ ಎಲ್ಲರಿಗೂ ತೋರಿಸಿ ಸೀಲ್ ಹಾಕಿದೆವು, ಸೀಲಿನ ನಂಬರ್ ಬರೆದಿಟ್ಟೆವು. ಸಂಜೆ 6ಕ್ಕೆ ಬಾಗಿಲು ಹಾಕಿದ ಕೂಡಲೇ ಅಲ್ಲೇ ಮೇಜಿನ ಮೇಲೆ ಸುರಿದು ಕೈಯಲ್ಲೇ ಎಣಿಸಿದೆವು. ಅಭ್ಯರ್ಥಿಗಳ ಕಡೆಯ ಸ್ಕ್ರೂಟಿನಿಯರುಗಳು ಹೆಗಲ ಹಿಂದೆ ನಿಂತಿದ್ದರು. ಅವರು ಕಾಗದ ಮುಟ್ಟುವಂತಿಲ್ಲ, ನೋಡಬಹುದು, ಆಕ್ಷೇಪ ಹೇಳಬಹುದು. ತೂಕದ ಪಕ್ಕದಲ್ಲಿ ಅಪ್ಪ ನಿಂತ ಹಾಗೇ ಇತ್ತು.

1,370 ಕಾಗದ ಕಳೆದಾಗ

ಎಲ್ಲ ಸರಿಯಾಗಿ ನಡೆದಾಗ ನಂಬುವುದು ಸುಲಭ. ತಪ್ಪಾದಾಗ ಏನು ಮಾಡಿದರು ಎಂಬುದೇ ನನಗೆ ಮುಖ್ಯ.

2013ರ ಸೆಪ್ಟೆಂಬರ್ ಚುನಾವಣೆಯಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾದ ಸೆನೆಟ್ ಎಣಿಕೆ ಬಹಳ ಬಿಗಿಯಾಗಿತ್ತು. ಕೊನೆಯ ಎರಡು ಸ್ಥಾನ ಯಾರಿಗೆ ಎಂಬುದು ಎಣಿಕೆಯ ಒಂದು ಹಂತದ 14 ಓಟಿನ ಅಂತರದ ಮೇಲೆ ನಿಂತಿತ್ತು. ಮರು ಎಣಿಕೆಗೆ ಕೂತಾಗ 1,370 ಮತಪತ್ರ ಸಿಗಲೇ ಇಲ್ಲ. ಬಿದ್ದಿದ್ದ ಓಟು ಸುಮಾರು 13 ಲಕ್ಷ, ಕಳೆದದ್ದು ಅದರಲ್ಲಿ ಚೂರು. ಆದರೆ 14 ಓಟಿನ ಮುಂದೆ 1,370 ದೊಡ್ಡದು. ಮರು ಎಣಿಕೆಯಲ್ಲಿ ಫಲಿತಾಂಶವೂ ತಿರುಗಿತು. ಎಇಸಿ ಇದನ್ನು ಬಚ್ಚಿಡಲಿಲ್ಲ. ಫೆಡರಲ್ ಪೊಲೀಸ್ ಮುಖ್ಯಸ್ಥರಾಗಿದ್ದ ಮಿಕ್ ಕೀಲ್ಟಿ ಅವರಿಂದ ತನಿಖೆ ಮಾಡಿಸಿತು. ತಾನೇ ಕೋರ್ಟಿಗೆ ಹೋಗಿ, ಈ ಚುನಾವಣೆ ಅಸಿಂಧು ಎನ್ನಿ ಎಂದು ಕೇಳಿತು. 2014ರ ಫೆಬ್ರವರಿಯಲ್ಲಿ ಕೋರ್ಟ್ ಹಾಗೇ ಹೇಳಿತು. ಎಇಸಿಯ ಕಮಿಷನರ್ ಎಡ್ ಕಿಲೆಸ್ಟೈನ್ ರಾಜೀನಾಮೆ ಕೊಟ್ಟರು. ಏಪ್ರಿಲ್ 5ರಂದು ಇಡೀ ರಾಜ್ಯ ಮತ್ತೆ ಸಾಲಿನಲ್ಲಿ ನಿಂತಿತು. ಆಮೇಲೆ ಮತಪತ್ರ ಸಾಗಿಸುವ, ಇಡುವ ನಿಯಮಗಳೆಲ್ಲ ಬಿಗಿಯಾದವು. ಆಗ ನಾನು ಅಲ್ಲೇ ಇದ್ದೆ. ಎಷ್ಟು ನಾಚಿಕೆಗೇಡು ಎಂದು ಬೈದವರು ಬಹಳ ಜನ. ನನಗೆ ಮಾತ್ರ ಆ ಸಂಸ್ಥೆಯ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಇಲ್ಲಿ ಒಂದು ಹೆಸರಿನ ಗೊಂದಲ ಇದೆ. ಅಲ್ಲಿ ದೇಶಕ್ಕೆಲ್ಲ ದೊಡ್ಡದು ಹೈಕೋರ್ಟ್, ಕ್ಯಾನ್‌ಬೆರಾದಲ್ಲಿದೆ. ಸುಪ್ರೀಂ ಕೋರ್ಟ್ ಎಂದರೆ ರಾಜ್ಯದ್ದು. ನಮ್ಮದಕ್ಕೆ ಪೂರ್ತಿ ಉಲ್ಟಾ. ಹೈಕೋರ್ಟಿನಲ್ಲಿ 7 ಜಡ್ಜ್‌ಗಳು, 70ಕ್ಕೆ ನಿವೃತ್ತಿ. 2010ರಲ್ಲಿ, ಚುನಾವಣೆಯ ಅಧಿಕೃತ ಆದೇಶ ಹೊರಟ ದಿನವೇ ಹೊಸಬರಿಗೆ ಪಟ್ಟಿ ಮುಚ್ಚುವ ಕಾನೂನನ್ನು ಶಾನೆನ್ ರೋ ಎಂಬ 18ರ ಹುಡುಗಿ ಇನ್ನೊಬ್ಬರ ಜೊತೆ ಸೇರಿ ಪ್ರಶ್ನಿಸಿದಳು. ಮತದಾನಕ್ಕೆ ಎರಡು ವಾರ ಇದ್ದಾಗ ಹೈಕೋರ್ಟ್ 4-3ರಲ್ಲಿ ಆ ಕಾನೂನನ್ನು ರದ್ದು ಮಾಡಿತು. 2017ರಲ್ಲಿ ಎರಡು ದೇಶದ ಪೌರತ್ವ ಇದೆ ಎಂಬ ಕಾರಣಕ್ಕೆ ಉಪ ಪ್ರಧಾನಿ ಬಾರ್ನಬಿ ಜಾಯ್ಸ್ ಅವರ ಸ್ಥಾನವನ್ನೇ ತೆಗೆಯಿತು. ಸರ್ಕಾರ ಒಪ್ಪಿಕೊಂಡಿತು.

ಆದರೆ ಈ ನಂಬಿಕೆ ಅಲ್ಲಿ ಎಲ್ಲರಿಗೂ ಒಂದೇ ಅಲ್ಲ. ಆ ಮಣ್ಣಿನ ಮೂಲ ಜನರೆಲ್ಲರಿಗೂ ದೇಶದ ಚುನಾವಣೆಯಲ್ಲಿ ಓಟು ಸಿಕ್ಕಿದ್ದು 1962ರಲ್ಲಿ. ಜನಸಂಖ್ಯೆಯಲ್ಲಿ ಅವರು ನೂರಕ್ಕೆ ನಾಲ್ಕರಷ್ಟೂ ಇಲ್ಲ, ಜೈಲಿನಲ್ಲಿ ಮೂವತ್ತಕ್ಕಿಂತ ಜಾಸ್ತಿ. ಅವರು ಕೋರ್ಟನ್ನು ಅನುಮಾನದಿಂದ ನೋಡಿದರೆ ಅದಕ್ಕೆ ಕಾರಣ ಇದೆ. 2016ರ ಡಿಸೆಂಬರಿನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದು ನಮಗೆ ನೆನಪಿದೆ. ಹಾಗಾಗಿ ಅವರ ಬಗ್ಗೆ ಹಗುರವಾಗಿ ಮಾತಾಡುವವರ ಜೊತೆ ನಮ್ಮ ಮಕ್ಕಳು ಸೇರಬಾರದು.

ಕೋರ್ಟಿಗೆ ಹೋಗುವುದು

ಜ್ಯೂರಿಗೆ ಹೆಸರು ತೆಗೆಯುವುದು ಮತದಾರರ ಪಟ್ಟಿಯಿಂದ, ಲಾಟರಿ ಹಾಗೆ. ಪಟ್ಟಿಯಲ್ಲಿದ್ದರೆ ಯಾವತ್ತಾದರೂ ನಿಮಗೂ ಬರಬಹುದು. ನಮ್ಮಲ್ಲಿ ಕ್ರಿಮಿನಲ್ ಕೇಸುಗಳ ಜ್ಯೂರಿ ಹೋಗಿ ಅರ್ಧ ಶತಮಾನವಾಯಿತು, ಅದಕ್ಕೇ ಹೊಸದು ಅನಿಸುತ್ತದೆ. ದೊಡ್ಡ ಕ್ರಿಮಿನಲ್ ಕೇಸಿನಲ್ಲಿ 12 ಜನ ಕೂರುತ್ತಾರೆ. ನ್ಯೂ ಸೌತ್ ವೇಲ್ಸಿನಲ್ಲಿ ಕೋರ್ಟಿನಲ್ಲಿ ನಿಮ್ಮ ಹೆಸರು ಕೂಗುವುದಿಲ್ಲ, ನಂಬರ್ ಮಾತ್ರ. ಆ ದಿನಗಳಿಗೆ ಭತ್ಯೆ ಕೊಡುತ್ತಾರೆ. ಇದಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ. ಪತ್ರವನ್ನು ಡ್ರಾಯರಿನಲ್ಲಿ ಹಾಕಿ ಮರೆತರೆ ದಂಡ ಬೀಳುತ್ತದೆ. ಹೋಗಲು ಆಗದಿದ್ದರೆ, ಚಿಕ್ಕ ಮಗು ಇದ್ದರೆ, ಇಂಗ್ಲಿಷ್ ಸರಿಯಾಗಿ ಬರದಿದ್ದರೆ ಕಾರಣ ಬರೆದು ಬಿಡುಗಡೆ ಕೇಳಿ. ಆಯ್ಕೆಯಾದರೆ ಎರಡು ವಿಷಯ ನೆನಪಿಡಿ. ಆ ಕೇಸಿನ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹುಡುಕುವುದು ಅಪರಾಧ. ಜ್ಯೂರಿ ಕೋಣೆಯಲ್ಲಿ ಯಾರು ಏನು ಹೇಳಿದರು ಎಂದು ಹೊರಗೆ ಹೇಳುವಂತಿಲ್ಲ. ಸೋಮವಾರಪೇಟೆಗೆ ಫೋನ್ ಮಾಡಿ ಅಪ್ಪನಿಗೂ ಹೇಳುವಂತಿಲ್ಲ.

ಬಾಡಿಗೆ ಮನೆಯ ಅಡ್ವಾನ್ಸ್ ವಿಷಯಕ್ಕೆ ವಕೀಲರು ಬೇಕಾಗಿಲ್ಲ. ಅಲ್ಲಿ ಅದನ್ನು ಬಾಂಡ್ ಎನ್ನುತ್ತಾರೆ. ನ್ಯೂ ಸೌತ್ ವೇಲ್ಸಿನಲ್ಲಿ ನಾಲ್ಕು ವಾರದ ಬಾಡಿಗೆಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ದುಡ್ಡು ಇರುವುದು ಸರ್ಕಾರದ ಹತ್ತಿರ. ಜಗಳ ಬಂದರೆ ಟ್ರಿಬ್ಯೂನಲ್ ಇದೆ. ನನಗೂ ಒಂದು ಸಲ ಕಾರ್ಪೆಟ್ ಹಾಳಾಗಿದೆ ಎಂದು ಏಜೆಂಟ್ ಒಬ್ಬರು ಬಾಂಡ್ ಬಿಡಲಿಲ್ಲ. ಅರ್ಜಿ ಹಾಕಿದೆ. ಮನೆಗೆ ಹೋದ ದಿನವೇ ತೆಗೆದ ಫೋಟೋಗಳು ಇದ್ದವು, ಕಂಡಿಷನ್ ರಿಪೋರ್ಟ್ ಇತ್ತು. ಅರ್ಧ ಗಂಟೆಯಲ್ಲಿ ಮುಗಿಯಿತು, ದುಡ್ಡು ಬಂತು. ವಾಯ್ದೆ ಮೇಲೆ ವಾಯ್ದೆ ನೋಡಿದ್ದ ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ನಂಬಲೇ ಇಲ್ಲ. ಮನೆಗೆ ಹೋದ ಮೊದಲ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದಿಡಿ.

ಕೇಸು ಇಲ್ಲದಿದ್ದರೂ ಒಂದು ದಿನ ಕೋರ್ಟಿಗೆ ಹೋಗಿ ಕೂತು ನೋಡಿ. ಹೆಚ್ಚಿನ ಕೇಸುಗಳು ತೆರೆದ ಬಾಗಿಲಲ್ಲೇ ನಡೆಯುತ್ತವೆ, ಟಿಕೆಟ್ಟಿಲ್ಲ. ಒಳಗೆ ಹೋಗುವಾಗ ಬರುವಾಗ ಜಡ್ಜ್ ಕಡೆಗೆ ತಲೆ ಬಾಗಿಸಿ, ಮೊಬೈಲ್ ಸದ್ದು ತೆಗೆಯಿರಿ, ಫೋಟೋ ಬೇಡ. ಅವ್ವ ಸಿಡ್ನಿಗೆ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಭಾಷೆ ತಿಳಿಯದಿದ್ದರೂ ಒಂದು ಗಂಟೆ ಕೂತಿದ್ದರು. "ಆ ಅಮ್ಮ ಎಷ್ಟು ತಾಳ್ಮೆಯಿಂದ ಕೇಳ್ತಾರೆ" ಎಂದು ಜಡ್ಜ್ ಬಗ್ಗೆ ಹೇಳಿದರು.

ಇನ್ನು ನಮ್ಮ ಕಡೆಯ ಕಾಗದ. ಭಾರತದ ಪಾಸ್‌ಪೋರ್ಟ್ ಇರುವವರೆಗೆ ಫಾರಂ 6ಎ ತುಂಬಿ ಇಲ್ಲಿನ ಪಟ್ಟಿಯಲ್ಲಿ ಇರಬಹುದು, ಆದರೆ ಬೂತಿಗೆ ನೀವೇ ಬರಬೇಕು. ಆಸ್ಟ್ರೇಲಿಯಾ ಸಿಟಿಜನ್ ಆದ ದಿನ ಇಲ್ಲಿನ ಓಟು ಹೋಯಿತು. ಬೇರೆ ದೇಶದ ಸಿಟಿಜನ್ ಆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ಓಟಿಲ್ಲ. ಅದರಲ್ಲಿ ಕಾಫಿ ತೋಟ ಕೊಳ್ಳಲೂ ಆಗುವುದಿಲ್ಲ, ಹಿರಿಯರಿಂದ ಬಂದಿದ್ದನ್ನು ಇಟ್ಟುಕೊಳ್ಳಬಹುದು. ಹಳೇ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ ಫಾರಂ 7 ಕೊಟ್ಟು ತೆಗೆಸಿ.

ಪಕ್ಕದ ತೋಟದ ಹುಡುಗಿ ಹೇಳಿದ ದಿನ ಕೋರ್ಟಿಗೆ ಹೋದಳು. ಅವಳ ನಂಬರ್ ಬರಲಿಲ್ಲ, ಮಧ್ಯಾಹ್ನಕ್ಕೆ ಮನೆಗೆ ಕಳಿಸಿದರು. ಸ್ವಲ್ಪ ಬೇಜಾರಾಯಿತಂತೆ. ಅವಳ ಹೆಸರು ಇನ್ನೂ ನಮ್ಮ ಬೂತಿನ ಪಟ್ಟಿಯಲ್ಲಿದೆ. ಫಾರಂ 7 ತುಂಬಲು ಅವಳಪ್ಪ ಭಾನುವಾರ ಬರುತ್ತಾರೆ.