ಅಳುವವರ ಕೂಟ: ನಾಲ್ಕು ವರ್ಷದ ಲೆಕ್ಕ

ಮಣ್ಣಾದ ದಿನ ಮನೆಯಲ್ಲಿ ಕುರ್ಚಿ ಸಾಲುವುದಿಲ್ಲ, ಮೂರನೇ ವಾರದಿಂದ ಬಾಗಿಲು ತಟ್ಟುವವರಿಲ್ಲ. ಕಾಯಿಲೆಯವರ ಮನೆಯಲ್ಲೂ ಇದೇ ಕಥೆ. ಕರಾವಳಿಯ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನಲ್ಲಿ, ನೊಂದವರನ್ನೇ ಸೇರಿಸಿ ಒಂದು ಕೂಟ ಮಾಡೋಣ ಅಂದಾಗ ಕಮಿಟಿಯ ಕೆಲವರು ‘ಅಳುವವರ ಕೂಟ’ ಅಂತ ಹೆಸರಿಟ್ಟು ನಕ್ಕರು. ಹೆಸರು ಚೆನ್ನಾಗಿತ್ತು, ನಾವೇ ಇಟ್ಟುಕೊಂಡೆವು. ಈಗ ಆಚೀಚೆಯ ಎರಡು ಸಭೆಯವರು ಹೇಗೆ ನಡೆಸುತ್ತೀರಿ ಅಂತ ಕೇಳಿಕೊಂಡು ಬಂದಿದ್ದಾರೆ. ಕೂಟ ನಡೆಸಿ ಗೊತ್ತಿದ್ದವರಿಗಾಗಿ ಈ ಬರಹ. ಗೀತೆ, ವಾಕ್ಯ, ಪ್ರಾರ್ಥನೆಯ ವಿಷಯ ಹೇಳುವುದಿಲ್ಲ.

ಮೊದಲ ವರ್ಷ ಪೂರ್ತಿ ಕೆಟ್ಟಿತು. ಕಾರಣ ಸಾಕ್ಷಿ, ಅಂದರೆ ದೇವರು ತನಗೆ ಮಾಡಿದ ಒಳಿತನ್ನು ಎದ್ದು ನಿಂತು ಹೇಳುವುದು. ಸಾಕ್ಷಿ ಹೇಳಿ ಅಂದರೆ ಗುಣವಾದವರೇ ಏಳುತ್ತಾರೆ. ಗುಣವಾಗದವರು ತಮ್ಮ ನಂಬಿಕೆಯೇ ಸಾಲದು ಅಂದುಕೊಂಡು ಮುಂದಿನ ಗುರುವಾರ ಬರುವುದಿಲ್ಲ. ಹದಿನೆಂಟು ಜನ ಇದ್ದದ್ದು ಐದಕ್ಕೆ ಇಳಿಯಿತು. ಎರಡನೇ ತಪ್ಪು, ಮೊದಲ ವಾರವೇ ‘ಸಂತೋಷಪಡಿರಿ’ ಅಂತ ಬೋಧಿಸಿದ್ದು. ಬೈಬಲಿನಲ್ಲಿ ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಗೆ ಹಾಗೆ ಬರೆದದ್ದು ಸೆರೆಯಲ್ಲಿ ಕೂತು. ಊಟ ಮಾಡಿ ಬಂದವರು ಅದನ್ನೇ ಹೇಳಿದರೆ ಬೈದ ಹಾಗೆ ಕೇಳುತ್ತದೆ. ಮೂರು ಮಾತು ನಮ್ಮಲ್ಲಿ ನಿಷೇಧ: ‘ದೇವರ ಚಿತ್ತ’, ‘ಒಳ್ಳೆಯವರನ್ನೇ ದೇವರು ಬೇಗ ಕರೆಯುತ್ತಾನೆ’, ‘ನಿಮಗಿಂತ ಕಷ್ಟದಲ್ಲಿರುವವರಿದ್ದಾರೆ’. ಬಾಯಿ ತಪ್ಪಿ ಹೇಳಿದವರು ಅವತ್ತಿನ ಚಹಾದ ಲೋಟ ತೊಳೆಯಬೇಕು. ಸಭೆಯ ಪಾದ್ರಿ ಅಯ್ಯನವರೂ ತೊಳೆದಿದ್ದಾರೆ.

ಈಗಿನ ಕ್ರಮ ಹೀಗಿದೆ. ಹದಿನೈದು ದಿನಕ್ಕೊಮ್ಮೆ ಗುರುವಾರ ಸಂಜೆ, ಒಂದೂಕಾಲು ಗಂಟೆ. ಒಂಬತ್ತು ಜನಕ್ಕಿಂತ ಹೆಚ್ಚಾದರೆ ಎರಡು ಕೂಟ. ಸಾವಾಗಿ ಆರು ವಾರ ಆಗುವವರೆಗೆ ಯಾರನ್ನೂ ಕರೆಯುವುದಿಲ್ಲ, ಇಬ್ಬರು ಮನೆಗೆ ಹೋಗಿ ಬರುತ್ತಾರೆ. ಕೂಟ ಮೌನದಿಂದ ಶುರು. ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಸುಮ್ಮನೆ ಕೂತಿದ್ದಷ್ಟು ದಿನ ಎಲ್ಲ ಸರಿಯಿತ್ತು, ಕೆಟ್ಟದ್ದು ಬಾಯಿ ತೆರೆದ ಮೇಲೆ. ಆದರೆ ನಮ್ಮ ಜನಕ್ಕೆ ಹತ್ತು ನಿಮಿಷ ಸುಮ್ಮನಿರುವುದು ಬೆಟ್ಟ ಹತ್ತಿದ ಹಾಗೆ. ಮೂರು ನಿಮಿಷದಿಂದ ಶುರು ಮಾಡಿ, ಕೂಟಕ್ಕೊಂದು ನಿಮಿಷ ಏರಿಸಿ.

ಆಮೇಲೆ ಬೈಬಲಿನ ಕೀರ್ತನೆ. 150ರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಗೋಳಿನ ಕೀರ್ತನೆಗಳೇ, ಭಾನುವಾರ ಅವುಗಳ ಹತ್ತಿರ ಹೋಗುವವರು ಕಡಿಮೆ. ನಮಗೆ ಮಾದರಿಯಾಗಿ ಸಿಕ್ಕಿದ್ದು 13ನೇ ಕೀರ್ತನೆ. ಇರುವುದೇ ಆರು ವಚನ: ಎರಡು ದೂರು, ಎರಡು ಬೇಡಿಕೆ, ಎರಡು ಭರವಸೆ. ಅರ್ಧ ಹಾಳೆಯನ್ನು ಮೂರು ಮಡಿಕೆ ಮಾಡಿ ಕೊಡುತ್ತೇವೆ, ತಮ್ಮ ಮಾತಿನಲ್ಲಿ ಬರೆಯುತ್ತಾರೆ. ಓದುವ ಒತ್ತಾಯ ಇಲ್ಲ. ಮೂರನೇ ಮಡಿಕೆ ಬಹಳ ಜನರದ್ದು ಖಾಲಿ ಉಳಿಯುತ್ತದೆ. ಮೊದಮೊದಲು ತುಂಬಿಸಿ ಅಂತ ಹಟ ಮಾಡಿದೆವು, ಬಂದದ್ದೆಲ್ಲ ಭಾನುವಾರದ ಮಾತು. ಈಗ ಖಾಲಿ ಇದ್ದವರಿಗೆ 88ನೇ ಕೀರ್ತನೆ ಓದುತ್ತೇವೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಬೈಬಲಿನಲ್ಲಿದೆ. ಹಾಳೆ ಅವರ ಕೈಯಲ್ಲೇ ಇರಲಿ. ಐದಾರು ತಿಂಗಳಾದ ಮೇಲೆ ತಾವಾಗಿ ತುಂಬಿಕೊಂಡು ಬರುವವರಿದ್ದಾರೆ.

ಇಷ್ಟರಿಂದ ಸಮಾಧಾನ ಬಂತು, ಸಂತೋಷ ಬರಲಿಲ್ಲ. ಅದು ಬಂದದ್ದು ಕೆಲಸ ಕೊಟ್ಟ ಮೇಲೆ. ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಒಂದನೇ ಅಧ್ಯಾಯವನ್ನು ಸಾಂತ್ವನಕ್ಕೆ ಓದಿ ಮುಚ್ಚುತ್ತೇವೆ. ಸಂತೈಸಲ್ಪಟ್ಟವನು ಇನ್ನೊಬ್ಬರನ್ನು ಸಂತೈಸಬೇಕು ಅನ್ನುವ ಅರ್ಧವೂ ಅಲ್ಲೇ ಇದೆ. ಐದಾರು ಕೂಟ ಆದವರಿಗೆ ಒಂದೊಂದು ಮನೆ ಒಪ್ಪಿಸುತ್ತೇವೆ, ತಾವು ದಾಟಿದ ಕಷ್ಟವೇ ಇರುವ ಮನೆ. ಡಯಾಲಿಸಿಸ್‌ಗೆ ಜೊತೆ ಹೋಗುವುದನ್ನೇ ನೋಡಿ. ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಮನೆಯವರಿಗೆ ಒಂದು ಪಾಳಿ ಬಿಡುವು ಸಿಕ್ಕರೆ ಅದೇ ದೊಡ್ಡದು. ಎಳನೀರು, ಬಾಳೆಹಣ್ಣು ಒಯ್ಯಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ರಕ್ತದಲ್ಲಿ ಅದು ಏರಿದರೆ ಹೃದಯಕ್ಕೇ ಅಪಾಯ. ನಾವು ಪ್ರೀತಿಯಿಂದ ಫ್ಲಾಸ್ಕ್‌ನಲ್ಲಿ ಗಂಜಿ, ಜೊತೆಗೆ ಉಪ್ಪಿನಕಾಯಿ ಕಳಿಸಿ ನರ್ಸ್ ಹತ್ತಿರ ಬೈಸಿಕೊಂಡೆವು. ಗಂಜಿ ತಿಳಿಯೂ ಕುಡಿಯುವ ನೀರಿನ ಲೆಕ್ಕಕ್ಕೇ ಸೇರುತ್ತದೆ. ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವವರ ಮನೆಗೆ ಹೋಗುವಾಗ ಸೆಂಟು, ಮಲ್ಲಿಗೆ ಬೇಡ; ವಾಸನೆಗೇ ವಾಂತಿ ಬರುತ್ತದೆ. ಯಾರಾದರೂ ಬದುಕು ಸಾಕು ಅಂದರೆ ಪ್ರಾರ್ಥನೆ ಒಂದಕ್ಕೇ ಬಿಡಬೇಡಿ, ಪಕ್ಕದಲ್ಲೇ ಕೂತು 14416ಕ್ಕೆ, ಸರ್ಕಾರದ ಟೆಲಿ ಮಾನಸ್‌ಗೆ, ಫೋನ್ ಮಾಡಿಸಿ.

ಯಾರನ್ನು ಯಾವ ಮನೆಗೆ ಜೋಡಿಸುತ್ತೇವೆ, ಎರಡನೇ ಭೇಟಿಯಲ್ಲಿ ಕೇಳುವ ಒಂದು ಪ್ರಶ್ನೆ ಯಾವುದು, ಇವೆರಡನ್ನು ಇಲ್ಲಿ ಹೇಳುವುದಿಲ್ಲ. ಬರೆದಿಟ್ಟರೆ ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಬಂದು ನಾಲ್ಕು ಸಲ ಕೂತವರಿಗೆ ತಾನಾಗಿ ತಿಳಿಯುತ್ತದೆ.

ಹಣದ ವಿಷಯ. ತಿಂಗಳಿಗೆ ಮೂರು ಸಾವಿರದ ಒಳಗೇ ಆಗುತ್ತದೆ, ಅರ್ಧದಷ್ಟು ಆಟೋಗೆ. ಮೊದಲು ಕೂಟದಲ್ಲೇ ಡಬ್ಬಿ ಇಟ್ಟಿದ್ದೆವು, ದೊಡ್ಡ ತಪ್ಪು. ಬೇಕಾದವರೇ ನಾಚಿಕೆಯಿಂದ ಅದಕ್ಕೆ ಹಾಕುತ್ತಿದ್ದರು. ಈಗ ಕೊಡುವವರು ಭಾನುವಾರದ ಕಾಣಿಕೆಯಲ್ಲಿ ಕೂಟಕ್ಕೆ ಅಂತ ಗುರುತು ಹಾಕಿದ ಕವರ್ ಹಾಕುತ್ತಾರೆ. ಯಾರಿಗೆ ಹೋಯಿತು ಅನ್ನುವುದು ಖಜಾಂಚಿಗೂ ಒಬ್ಬ ಹಿರಿಯರಿಗೂ ಮಾತ್ರ ಗೊತ್ತು. ನಗದು ಯಾರ ಕೈಗೂ ಕೊಡುವುದಿಲ್ಲ. ಆಟೋದವರಿಗೆ ತಿಂಗಳ ಲೆಕ್ಕ. ಕಮಿಟಿ ಎರಡು ವರ್ಷ ಒಂದು ಪೈಸೆ ಕೊಡಲಿಲ್ಲ, ಈಗ ಸಾವಿರ ಕೊಡುತ್ತಿದೆ. ವಾಟ್ಸಾಪ್ ಗುಂಪು ಹದಿನೈದೇ ದಿನಕ್ಕೆ ಮುಚ್ಚಿದೆವು, ಹಾಸಿಗೆ ಹಿಡಿದವರ ಫೋಟೋ ಊರೆಲ್ಲ ಸುತ್ತಿತು.

ಹಾಡಿನ ಮೇಲೂ ಪ್ರಯೋಗ ಮಾಡಿದೆವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಜರ್ಮನ್ ರಾಗಗಳು ನಮ್ಮ ಸಭೆಗಳಲ್ಲಿ ಈಗಲೂ ಇವೆ. ಅತ್ತ ಗಂಟಲಿಗೆ ಆ ಶ್ರುತಿ ಎಟಕುವುದಿಲ್ಲ. ಕೀಬೋರ್ಡ್ ಮೂರು ಮನೆ ಇಳಿಸಿದರೆ ಎಲ್ಲರ ದನಿಯೂ ಕೂಡುತ್ತದೆ. ಎರಡು ಚರಣ ಸಾಕು.

ಎಲ್ಲಕ್ಕಿಂತ ಗೆದ್ದದ್ದು ಕುಸ್ವಾರ್, ಕರಾವಳಿಯ ಕ್ರಿಸ್‌ಮಸ್ ತಿಂಡಿಗಳು. ನಮ್ಮ ಕಡೆ ಸಾವಾದ ಬಹಳ ಮನೆಗಳಲ್ಲಿ ಆ ಕ್ರಿಸ್‌ಮಸ್‌ಗೆ ತಿಂಡಿ ಮಾಡುವುದಿಲ್ಲ. ತಟ್ಟೆ ಕಳಿಸಿ ನೋಡಿದೆವು, ಮುಟ್ಟದೆ ಇಟ್ಟರು. ಮರುವರ್ಷ ಅವರನ್ನೇ ಹಾಲ್‌ಗೆ ಕರೆದು, ಕಾಯಿಲೆಯವರ ಮನೆಗಳಿಗೆ ಕಿಡಿಯೊ, ಅಂದರೆ ಸುರುಳಿ ಸುತ್ತಿ ಎಣ್ಣೆಯಲ್ಲಿ ಕರಿಯುವ ಸಿಹಿ ತಿಂಡಿ, ಮಾಡಿಕೊಡಿ ಅಂದೆವು. ಹನ್ನೆರಡು ಜನ, ಎರಡು ಕೆಜಿ ಮೈದಾ, ಮೊಟ್ಟೆ, ತೆಂಗಿನ ಹಾಲು, ಒತ್ತಲು ಹೊಸ ಬಾಚಣಿಗೆ. ಎಣ್ಣೆ ಅತಿಯಾಗಿ ಕಾದು ಮೊದಲ ಎರಡು ಬಾಣಲೆ ಹೊರಗೆ ಕಪ್ಪು, ಒಳಗೆ ಹಸಿ. ತಪ್ಪು ಯಾರದ್ದು ಅಂತ ಜಗಳ ಶುರುವಾಗಿ ನಗುವಿಗೆ ತಿರುಗಿತು. ಸುಟ್ಟದ್ದನ್ನೆಲ್ಲ ಅಲ್ಲೇ ತಿಂದು ಮುಗಿಸಿದರು.